ಅಧಿಕಾರದ ಒರೆಗಲ್ಲು: ರಾಮ್ಸೆ ಮ್ಯಾಕ್ಡೊನಾಲ್ಡನ ಜೀವನಚರಿತ್ರೆ

ಮನುಷ್ಯನ ಸತ್ತ್ವವನ್ನು ತಿಕ್ಕಿ ನೋಡುವ ಒರೆಗಲ್ಲುಗಳು ಎರಡು: ಒಂದು ಬಡತನ, ಇನ್ನೊಂದು ಅಧಿಕಾರ. ಬಡತನದ ಒರೆಗಲ್ಲಿನ ಮೇಲೆ ಅಪ್ಪಟ ಬಂಗಾರವೆಂದು ಕಂಡುಬಂದವರು ಲೋಕದಲ್ಲಿ ಅನೇಕರುಂಟು. ಅವರಲ್ಲಿ ಎಷ್ಟೋ ಜನರು ಅಧಿಕಾರದ ಒರೆಗಲ್ಲಿಗೆ ಬಂದಾಗ ಬಣ್ಣಗೆಟ್ಟಿರುವರು. ದೀನರ ಹೆಸರಿನಲ್ಲಿ ಮತವನ್ನು ಬೇಡಿ, ದೀನರ ಮತದಿಂದಲೇ ಗಾದಿಯನ್ನೇರಿ, ಏರಿದ ಮೇಲೆ ದೀನರ ಅನ್ನಕ್ಕೇ ಕೈಹಚ್ಚಿದವರ ಕಥೆಯು ಒಂದು ದೇಶಕ್ಕಾಗಲಿ ಒಂದು ಕಾಲಕ್ಕಾಗಲಿ ಸೇರಿದುದಲ್ಲ. ಆದರೆ ಇಂಗ್ಲಂಡದ ಲೇಬರ್ ಪಕ್ಷದಿಂದ ಮೊಟ್ಟಮೊದಲು ಪ್ರಧಾನಮಂತ್ರಿಯಾದ ಜೇಮ್ಸ್ ರಾಮ್ಸೆ ಮ್ಯಾಕ್ಡೊನಾಲ್ಡನ ಬಾಳಿನಲ್ಲಿ ಈ ಕಥೆಯು ಸ್ಪಷ್ಟವಾಗಿ ಮೂಡಿರುವಂತೆ ಇತರರ ಬಾಳಿನಲ್ಲಿ ಮೂಡಿರುವುದು ವಿರಳ. ಆತನು ಹುಟ್ಟುಕಪಟಿಯಾಗಿರಲಿಲ್ಲ, ಮಾತಿಗಾಗಿ ಕಷ್ಟಪಟ್ಟವನು, ತತ್ತ್ವಕ್ಕಾಗಿ ಅವಮಾನವನ್ನು ನುಂಗಿದವನು. ಅಂಥವನು ಹೇಗೆ ಜಾರಿದನೆಂಬುದೇ ವಿಚಾರಕ್ಕೆ ಯೋಗ್ಯವಾದ ವಿಷಯ.

ಸ್ಕಾಟ್ಲಂಡದ ಉತ್ತರ ತೀರದಲ್ಲಿ ಲಾಸಿಮೌತ್ ಎಂಬ ಮೀನುಗಾರರ ಊರಿದೆ. ಅಲ್ಲಿ ೧೮೬೬ನೆಯ ಇಸವಿಯ ಅಕ್ಟೋಬರ್ ೧೨ರಂದು ಮ್ಯಾಕ್ಡೊನಾಲ್ಡನು ಹುಟ್ಟಿದನು. ತಂದೆಯು ಹೊಲದಲ್ಲಿ ನೇಗಿಲು ಹಿಡಿದು ದುಡಿಯುವ ಆಳು. ತಾಯಿಯಾದ ಆನ್ ರಾಮ್ಸೆ ಮನೆಗೆಲಸದ ಹೆಂಗಸು. ಅವರಿಬ್ಬರಿಗೂ ಮದುವೆಯಾಗಿರಲಿಲ್ಲ. ಆ ಕಾಲದ ಸಮಾಜದಲ್ಲಿ ಇಂಥ ಮಗುವಿಗೆ ಹುಟ್ಟಿನೊಡನೆಯೇ ಕಳಂಕವು ಅಂಟುತ್ತಿದ್ದಿತು. ತಾಯಿಯೂ ಅಜ್ಜಿಯೂ ಕೂಡಿ, ತಾವು ಹಸಿದರೂ ಹುಡುಗನು ಹಸಿಯದಂತೆ, ಆತನನ್ನು ಸಾಕಿದರು. ಶಾಲೆಯಲ್ಲಿ ಹುಡುಗನ ಬುದ್ಧಿಯು ತೀಕ್ಷ್ಣವಾಗಿದ್ದುದನ್ನು ಕಂಡು, ಗುರುಗಳು ಆತನನ್ನು ಅಲ್ಲಿಯೇ ವಿದ್ಯಾರ್ಥಿಶಿಕ್ಷಕನನ್ನಾಗಿ ಇಟ್ಟುಕೊಂಡರು.

ಹದಿನೆಂಟು ಹತ್ತೊಂಬತ್ತರ ಪ್ರಾಯದಲ್ಲಿ ಆತನು ಊರನ್ನು ಬಿಟ್ಟು ಮೊದಲು ಬ್ರಿಸ್ಟಲ್ ನಗರಕ್ಕೂ ೧೮೮೬ರಲ್ಲಿ ಲಂಡನ್ನಿಗೂ ಹೋದನು. ಲಂಡನ್ನಿನಲ್ಲಿ ಕೆಲಸವಿಲ್ಲದೆ ಅಲೆದನು. ಲಕ್ಕೋಟೆಗಳ ಮೇಲೆ ವಿಳಾಸಗಳನ್ನು ಬರೆದು ಒಂದಷ್ಟು ಕಾಸು ಗಳಿಸಿದನು. ಹಗಲು ದುಡಿದು ಸಂಜೆ ಬರ್ಕ್ಬೆಕ್ ವಿದ್ಯಾಸಂಸ್ಥೆಯಲ್ಲಿ ವಿಜ್ಞಾನವನ್ನು ಓದುತ್ತಿದ್ದಾಗ ದೇಹವು ಸೋತುಹೋಯಿತು. ವಿಜ್ಞಾನಿಯಾಗುವ ಆಸೆಯನ್ನು ಬಿಡಬೇಕಾಯಿತು. ಮುಂದೆ ೧೮೮೮ರಲ್ಲಿ ಉದಾರ ಪಕ್ಷದ ಮುಖಂಡನೊಬ್ಬನ ಆಪ್ತ ಕಾರ್ಯದರ್ಶಿಯಾಗಿ ಸೇರಿ, ರಾಜಕಾರಣದ ಒಳಗುಟ್ಟುಗಳನ್ನು ಕಲಿತನು. ಕೆಲಸವಿಲ್ಲದವನ ಹಸಿವೆಯು ಎಂಥದೆಂಬುದನ್ನು ಆತನು ಗ್ರಂಥದಲ್ಲಿ ಓದಿ ತಿಳಿದವನಲ್ಲ, ಸ್ವಂತ ಹೊಟ್ಟೆಯಿಂದ ಅರಿತವನು. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಉದಾರ ಪಕ್ಷದವರು ಬಡವರ ವಿಷಯವಾಗಿ ಸವಿಮಾತುಗಳನ್ನಾಡುತ್ತಿದ್ದರೂ ಬಡವನೊಬ್ಬನನ್ನು ತಮ್ಮ ಉಮೇದುವಾರನನ್ನಾಗಿ ನಿಲ್ಲಿಸಲು ಹಿಂಜರಿಯುತ್ತಿದ್ದರು. ಸೌತಾಂಪ್ಟನ್ನಿನಲ್ಲಿ ತನಗೂ ಇದೇ ಅನುಭವವಾಗಲು, ಮ್ಯಾಕ್ಡೊನಾಲ್ಡನು ೧೮೯೪ರಲ್ಲಿ ಸ್ವತಂತ್ರ ಮಜೂರ ಪಕ್ಷವನ್ನು ಸೇರಿದನು. ಮರುವರ್ಷ ಚುನಾವಣೆಗೆ ನಿಂತು ಹೀನಾಯವಾಗಿ ಸೋತನು. ೧೮೯೬ರಲ್ಲಿ ಮಾರ್ಗರೆಟ್ ಗ್ಲಾಡ್‌ಸ್ಟನ್ ಎಂಬ ಸುಸಂಸ್ಕೃತ ಯುವತಿಯೊಡನೆ ವಿವಾಹವಾಯಿತು. ಆಕೆಯು ವಿಜ್ಞಾನಿಯ ಮಗಳು. ದುಡಿಯುವ ಹೆಂಗಸರ ಸ್ಥಿತಿಗತಿಗಳನ್ನು ಸುಧಾರಿಸುವುದಕ್ಕೆ ತನ್ನ ಬಾಳನ್ನೇ ಮೀಸಲಿಟ್ಟವಳು. ಆಕೆಯ ವರಮಾನದಿಂದ ಮನೆಯ ಚಿಂತೆಯು ನೀಗಿ, ಪತಿಯು ಪೂರ್ಣ ಮನಸ್ಸಿನಿಂದ ಸಾರ್ವಜನಿಕ ಸೇವೆಗೆ ನಿಂತನು. ೧೯೧೧ರಲ್ಲಿ ಆಕೆಯು ತೀರಿಕೊಂಡಳು. ಆ ಶೂನ್ಯವು ಆತನ ಬಾಳಿನಲ್ಲಿ ಕಡೆಯವರೆಗೂ ತುಂಬಲಿಲ್ಲ.

೧೯೦೦ನೆಯ ಇಸವಿಯ ಫೆಬ್ರುವರಿ ತಿಂಗಳಲ್ಲಿ ಕೂಲಿಕಾರರ ಸಂಘಗಳೂ ಸಮಾಜಸತ್ತಾವಾದಿಗಳೂ ಲಂಡನ್ನಿನಲ್ಲಿ ಕೂಡಿ, ಪಾರ್ಲಿಮೆಂಟಿಗೆ ತಮ್ಮವರನ್ನು ಕಳಿಸುವುದಕ್ಕಾಗಿ ಒಂದು ಸಮಿತಿಯನ್ನು ಏರ್ಪಡಿಸಿದರು. ಅದರ ಮೊದಲನೆಯ ಕಾರ್ಯದರ್ಶಿಯು ಮ್ಯಾಕ್ಡೊನಾಲ್ಡನು. ೧೯೦೬ರ ಚುನಾವಣೆಯಲ್ಲಿ ಈ ಸಮಿತಿಯ ೨೯ ಜನರು ಗೆದ್ದುಬರಲು, ಅದು ಲೇಬರ್ ಪಕ್ಷ, ಎಂದರೆ ಮಜೂರ ಪಕ್ಷ, ಎಂಬ ಹೆಸರನ್ನು ಧರಿಸಿತು. ಲೆಸ್ಟರ್ ನಗರದಿಂದ ಆತನೂ ಗೆದ್ದನು. ೧೯೧೧ರಲ್ಲಿ ಪಾರ್ಲಿಮೆಂಟಿನಲ್ಲಿ ಪಕ್ಷದ ನಾಯಕನಾದನು. ಎತ್ತರದ ನಿಲುವು, ಗಂಭೀರ ಮುಖ, ಸಭೆಯನ್ನು ಸೆರೆಹಿಡಿಯುವ ಕಂಠ, ಇವೆಲ್ಲ ಆತನಿಗೆ ಸಹಜವಾಗಿದ್ದುವು.

ಹಿಂದುಸ್ಥಾನದೊಡನೆಯೂ ಆತನ ಸಂಬಂಧವು ಈ ಕಾಲದಲ್ಲಿಯೇ ಬೆಳೆಯಿತು. ೧೯೦೯ರಲ್ಲಿ ಇಲ್ಲಿಗೆ ಬಂದು ಸಂಚರಿಸಿ, ಈ ದೇಶದ ಜಾಗೃತಿಯ ವಿಷಯವಾಗಿ ಮರುವರ್ಷವೇ ಸಹಾನುಭೂತಿಪೂರ್ಣವಾದ ಗ್ರಂಥವನ್ನು ಬರೆದನು. ೧೯೧೧ರ ಕಲಕತ್ತೆಯ ಕಾಂಗ್ರೆಸ್ ಅಧಿವೇಶನಕ್ಕೆ ಅಧ್ಯಕ್ಷನಾಗಬೇಕೆಂದು ಆತನಿಗೆ ಆಮಂತ್ರಣವು ಹೋಗಿದ್ದಿತು. ಪತ್ನೀವಿಯೋಗದ ದೆಸೆಯಿಂದ ಬರಲಾಗಲಿಲ್ಲ. ಪರದೇಶದವನಾದರೂ ತಮ್ಮವನೆಂದು ಇಲ್ಲಿಯ ಮುಖಂಡರು ಆತನನ್ನು ನಂಬಿದ್ದರೆಂಬುದಕ್ಕೆ ಇದೇ ಸಾಕ್ಷಿ.

೧೯೧೪ರ ಆಗಸ್ಟಿನಲ್ಲಿ ಮಹಾಯುದ್ಧವು ಹೊತ್ತಿಕೊಂಡಿತು. ಇಂಗ್ಲಂಡವು ಯುದ್ಧಕ್ಕೆ ಇಳಿಯಬಾರದೆಂಬುದು ಮ್ಯಾಕ್ಡೊನಾಲ್ಡನ ದೃಢವಾದ ಅಭಿಪ್ರಾಯ. ಪಕ್ಷದ ಬಹುಜನರು ಯುದ್ಧಕ್ಕೆ ಸಮ್ಮತಿಸಲು, ಆತನು ನಾಯಕತ್ವವನ್ನು ಆ ಕೂಡಲೇ ಬಿಟ್ಟುಕೊಟ್ಟನು. ದೇಶವೆಲ್ಲ ಯುದ್ಧದ ಅಮಲಿನಲ್ಲಿದ್ದಾಗ ಒಬ್ಬಂಟಿಗನಾಗಿ ನಿಲ್ಲುವುದು ಸುಲಭವಲ್ಲ. ಆತನ ಸಭೆಗಳನ್ನು ಒಡೆದರು, ದೇಶದ್ರೋಹಿಯೆಂದು ಜರೆದರು. ೧೯೧೫ರಲ್ಲಿ ಒಂದು ವಾರಪತ್ರಿಕೆಯು ಆತನ ಜನನದಾಖಲೆಯನ್ನೇ ಅಚ್ಚುಹಾಕಿ, ತಾಯಿಯ ಮಾನವನ್ನು ಬೀದಿಗೆಳೆಯಿತು. ಹುಟ್ಟೂರಿನ ಗಾಲ್ಫ್ ಆಟದ ಸಂಘವು ೧೯೧೬ರಲ್ಲಿ ಆತನನ್ನು ಹೊರಗೆ ಹಾಕಿತು. ೧೯೧೮ರ ಚುನಾವಣೆಯಲ್ಲಿ ಮತದಾರರು ಭಾರಿ ಅಂತರದಿಂದ ಸೋಲಿಸಿದರು. ಇಷ್ಟಾದರೂ ಆತನು ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಬಡತನದ ಒರೆಗಲ್ಲಿನಂತೆಯೇ ಅವಮಾನದ ಒರೆಗಲ್ಲಿನಲ್ಲಿಯೂ ಗೆದ್ದನು. ಮುಂದೆ ಲಕ್ಷಾವಧಿ ಕೂಲಿಕಾರರು ಆತನನ್ನು ಕಣ್ಮುಚ್ಚಿ ನಂಬಿದುದಕ್ಕೆ ಈ ನಾಲ್ಕು ವರ್ಷಗಳ ತಪಸ್ಸೇ ಕಾರಣ.

೧೯೨೨ರಲ್ಲಿ ಆತನು ವೇಲ್ಸ್ ಪ್ರಾಂತದ ಅಬೆರಾವನ್ ಕ್ಷೇತ್ರದಿಂದ ಗೆದ್ದು ಮತ್ತೆ ಪಾರ್ಲಿಮೆಂಟನ್ನು ಪ್ರವೇಶಿಸಿದನು. ಗ್ಲಾಸ್ಗೋ ಸೀಮೆಯಿಂದ ಬಂದ ಅತ್ಯಂತ ಉಗ್ರಮತದ ಸದಸ್ಯರೇ ಆತನಿಗೆ ಬೆಂಬಲವಾಗಿ ನಿಂತು ನಾಯಕಪಟ್ಟವನ್ನು ಮರಳಿ ಕಟ್ಟಿದರು. ೧೯೨೪ರ ಜನವರಿ ೨೨ರಂದು ದೊರೆಯಾದ ಐದನೆಯ ಜಾರ್ಜನು ಆತನನ್ನು ಕರೆಸಿ ಮಂತ್ರಿಮಂಡಲವನ್ನು ರಚಿಸಲು ಹೇಳಿದನು. ಆಳಿನ ಮಗನು ಸಾಮ್ರಾಜ್ಯದ ಪ್ರಧಾನಮಂತ್ರಿಯಾದನು! ಕಲ್ಲಿದ್ದಲಿನ ಗಣಿಗಳಲ್ಲಿಯೂ ನೂಲಿನ ಗಿರಣಿಗಳಲ್ಲಿಯೂ ದುಡಿಯುವವರು ಅಂದು ಪಟ್ಟ ಆನಂದಕ್ಕೆ ಮೇರೆಯಿರಲಿಲ್ಲ.

ಈ ಮೊದಲನೆಯ ಸರಕಾರಕ್ಕೆ ಬಹುಮತವಿರಲಿಲ್ಲ. ಉಳಿದುದು ಒಂಬತ್ತು ತಿಂಗಳು ಮಾತ್ರ. ಆದರೂ ಆತನ ಸಹೋದ್ಯೋಗಿಯಾದ ಜಾನ್ ವೀಟ್ಲಿಯು ತಂದ ಗೃಹನಿರ್ಮಾಣದ ಕಾಯಿದೆಯಿಂದ ಮುಂದಿನ ವರ್ಷಗಳಲ್ಲಿ ಬಡವರಿಗಾಗಿ ೫ ಲಕ್ಷದಷ್ಟು ಮನೆಗಳು ಎದ್ದುವು. ಯುರೋಪಿನ ಶಾಂತಿಗಾಗಿ ಮ್ಯಾಕ್ಡೊನಾಲ್ಡನು ಪಟ್ಟ ಶ್ರಮವೂ ಪ್ರಶಂಸನೀಯವಾದುದೇ. ಆದರೆ ಆ ಒಂಬತ್ತು ತಿಂಗಳಲ್ಲಿಯೇ ಕೆಲವು ಸಣ್ಣ ಬಿರುಕುಗಳು ತೋರಿದುವು. ಜರಿಯ ಕಸೂತಿಯ ಆಸ್ಥಾನದ ಉಡುಪನ್ನು ಧರಿಸಿ ಮಜೂರ ಮಂತ್ರಿಗಳು ಅರಮನೆಗೆ ಹೋದುದು ಅನೇಕ ಅನುಯಾಯಿಗಳಿಗೆ ಸರಿತೋರಲಿಲ್ಲ. ಬಿಸ್ಕತ್ತಿನ ವ್ಯಾಪಾರದಲ್ಲಿ ಧನಿಕನಾಗಿದ್ದ ಗೆಳೆಯನೊಬ್ಬನು ಆತನಿಗೆ ಮೋಟಾರುಗಾಡಿಯನ್ನೂ ಅದರ ವೆಚ್ಚಕ್ಕೆಂದು ತನ್ನ ಕಂಪನಿಯ ಶೇರುಗಳನ್ನೂ ಕೊಟ್ಟನು. ಅದೇ ವರ್ಷ ಆ ಗೆಳೆಯನಿಗೆ ದೊರೆಯಿಂದ ಬಿರುದು ಬಂದಿತು. ದುರುದ್ದೇಶವಿತ್ತೆಂದು ಯಾರೂ ಸಿದ್ಧಪಡಿಸಲಿಲ್ಲ; ಆದರೆ ಲೋಕಾಪವಾದಕ್ಕೆ ಎಡೆಯಾಯಿತು. ಹಿಂದುಸ್ಥಾನದಲ್ಲಿ ವಿಚಾರಣೆಯಿಲ್ಲದೆ ಜನರನ್ನು ಬಂಧಿಸುವ ಬಂಗಾಲದ ಸುಗ್ರೀವಾಜ್ಞೆಯು ಹೊರಟುದು ಇದೇ ಸರಕಾರದ ಒಪ್ಪಿಗೆಯಿಂದ. ಅದರ ಬಲೆಗೆ ಸಿಕ್ಕಿದವರಲ್ಲಿ ಸುಭಾಷಚಂದ್ರ ಬೋಸರೂ ಒಬ್ಬರು. ರಷ್ಯದಿಂದ ಬಂದಿತೆಂದು ಹೇಳಲಾದ ಒಂದು ಕೂಟಪತ್ರದ ಗದ್ದಲದ ನಡುವೆ ೧೯೨೪ರ ಅಕ್ಟೋಬರಿನಲ್ಲಿ ಮಜೂರ ಪಕ್ಷವು ಚುನಾವಣೆಯಲ್ಲಿ ಸೋತಿತು.

೧೯೨೯ರ ಮೇ ೩೦ರ ಚುನಾವಣೆಯಲ್ಲಿ ಭಾಗ್ಯವು ಮತ್ತೆ ತಿರುಗಿತು. ಮಜೂರ ಪಕ್ಷಕ್ಕೆ ೨೮೭ ಸ್ಥಾನಗಳು ಬಂದುವು. ಎಲ್ಲ ಪಕ್ಷಗಳಿಗಿಂತ ಅದೇ ದೊಡ್ಡದಾಯಿತು. ಮ್ಯಾಕ್ಡೊನಾಲ್ಡನು ಈ ಸಲ ಗೆದ್ದುದು ಡರ್ಹಮ್ ಸೀಮೆಯ ಸೀಹಮ್ ಎಂಬ ಕ್ಷೇತ್ರದಿಂದ. ಅಲ್ಲಿಯ ಮತದಾರರು ಬಹುಪಾಲು ಗಣಿಯ ಕೂಲಿಕಾರರು. ಅಲ್ಲಿಯ ಗಣಿಗಳ ದೊಡ್ಡ ಒಡೆಯನು ಲಂಡನ್‌ಡೆರಿಯ ಪ್ರಭುವು. ಪ್ರಧಾನಮಂತ್ರಿಯಾದ ಮೇಲೆ ಆತನು ಆ ಪ್ರಭುವಿನ ಮನೆಯ ಔತಣಕೂಟಗಳಲ್ಲಿ ಆಪ್ತಮಿತ್ರನಂತೆ ಕಾಣಿಸಿಕೊಳ್ಳತೊಡಗಿದನು. ಹೊಟ್ಟೆಬಟ್ಟೆಯ ಚಿಂತೆಯನ್ನು ಹೇಳಿಕೊಳ್ಳಬಂದ ಹಳೆಯ ಗೆಳೆಯರಿಗೆ ಆತನ ದರ್ಶನವು ದಿನದಿನಕ್ಕೆ ದುರ್ಲಭವಾಯಿತು. ಮನುಷ್ಯನು ಯಾರ ಪಂಕ್ತಿಯಲ್ಲಿ ಕುಳಿತು ಉಣ್ಣುವನೋ ಅವರ ಕಣ್ಣಿನಿಂದಲೇ ಲೋಕವನ್ನು ನೋಡಲು ಕಲಿಯುವನು. ಇದು ಲಂಚವಲ್ಲ, ಪಾಪವೆಂದು ಯಾವ ಕಾಯಿದೆಯೂ ಹೇಳುವುದಿಲ್ಲ. ಆದರೆ ಲಂಚಕ್ಕಿಂತ ಸೂಕ್ಷ್ಮವಾಗಿ ಒಳಹೊಕ್ಕು ಕೆಲಸಮಾಡುವುದು.

ಹಿಂದುಸ್ಥಾನದವರಿಗಂತೂ ಈ ಸರಕಾರದಿಂದ ಆಸೆಯೂ ನಿರಾಸೆಯೂ ಬೆನ್ನುಬೆನ್ನಿಗೆ ಬಂದುವು. ಕೆಲವೇ ತಿಂಗಳುಗಳಲ್ಲಿ ಹಿಂದುಸ್ಥಾನವು ಸಾಮ್ರಾಜ್ಯದ ಸಮಾನ ಸ್ಕಂಧವಾಗಬಹುದೆಂಬ ಆಶಯವನ್ನು ಮ್ಯಾಕ್ಡೊನಾಲ್ಡನು ೧೯೨೮ರಲ್ಲಿ ಸಭೆಯೊಂದರಲ್ಲಿ ಪ್ರಕಟಿಸಿದ್ದನು. ಅಧಿಕಾರ ಬಂದ ಮೇಲೆ ತಿಂಗಳುಗಳು ವರ್ಷಗಳಾದುವು. ಕೂಲಿಕಾರರ ಸಂಘಗಳ ಮುಖಂಡರ ಮೇಲೆ ಹಿಂದಿನ ಸರಕಾರವಿದ್ದಾಗ ಹೂಡಲ್ಪಟ್ಟ ಮೀರತದ ಮೊಕದ್ದಮೆಯನ್ನು ಕೂಲಿಕಾರರ ಸರಕಾರವೇ ಮುಂದುವರಿಸಿತು. ೧೯೩೦ರಲ್ಲಿ ಉಪ್ಪಿನ ಸತ್ಯಾಗ್ರಹವು ನಡೆದಾಗ, ದಂಡಿಯಂತೆಯೇ ಕರ್ನಾಟಕದ ಅಂಕೋಲೆಯ ಕಡಲತಡಿಯಲ್ಲಿಯೂ ಜನರು ಉಪ್ಪನ್ನೆತ್ತಿದರು. ಮಹಾತ್ಮಾ ಗಾಂಧಿಯವರೂ ಸಾವಿರಾರು ಸತ್ಯಾಗ್ರಹಿಗಳೂ ಸೆರೆಮನೆಗೆ ಹೋದುದು ಮ್ಯಾಕ್ಡೊನಾಲ್ಡನು ಪ್ರಧಾನಮಂತ್ರಿಯಾಗಿದ್ದಾಗಲೇ. ಹಿಂದೆ ಅಧ್ಯಕ್ಷಪೀಠಕ್ಕೆ ಕರೆದ ಕಾಂಗ್ರೆಸ್ಸಿನವರೇ ಈಗ ಆತನ ಸರಕಾರದ ಕೈದಿಗಳಾದರು. ಅದೇ ವರ್ಷ ನವಂಬರಿನಲ್ಲಿ ಕೂಡಿದ ದುಂಡುಮೇಜಿನ ಪರಿಷತ್ತಿಗೆ ಆತನು ಅಧ್ಯಕ್ಷನಾದನು. ಮೈಸೂರಿನ ದಿವಾನರಾದ ಸರ್ ಮಿರ್ಜಾ ಇಸ್ಮಾಯಿಲ್ ಅವರೂ ಆ ಪರಿಷತ್ತಿನಲ್ಲಿದ್ದರು. ಸೌಜನ್ಯದ ಭಾಷಣಗಳಿಗೆ ಕೊರತೆಯಾಗಲಿಲ್ಲ. ಸ್ವರಾಜ್ಯವು ಮಾತ್ರ ಮೇಜಿನ ಮೇಲೆ ಬರಲಿಲ್ಲ.

ಇಷ್ಟರಲ್ಲಿ ೧೯೨೯ರ ಅಕ್ಟೋಬರಿನಲ್ಲಿ ಅಮೇರಿಕದ ಶೇರುಪೇಟೆಯು ಕುಸಿದು, ಜಗತ್ತಿನ ವ್ಯಾಪಾರವೆಲ್ಲ ಮಂಕಾಗಿದ್ದಿತು. ಮಜೂರ ಪಕ್ಷವು ಅಧಿಕಾರಕ್ಕೆ ಬಂದಾಗ ಇಂಗ್ಲಂಡದಲ್ಲಿ ಸುಮಾರು ೧೨ ಲಕ್ಷ ನಿರುದ್ಯೋಗಿಗಳಿದ್ದರು. ೧೯೩೧ರ ಬೇಸಿಗೆಗೆ ಅವರ ಸಂಖ್ಯೆಯು ೨೭ ಲಕ್ಷವನ್ನು ಮುಟ್ಟಿತು. ಅವರಿಗೆ ಕೊಡುವ ಸಹಾಯಧನದ ಹೊರೆಯು ಬೊಕ್ಕಸದ ಮೇಲೆ ಬೆಳೆಯಿತು. ಸರಕಾರದ ವೆಚ್ಚವನ್ನು ಪರಿಶೀಲಿಸಿದ ಒಂದು ಸಮಿತಿಯು ನಿರುದ್ಯೋಗಿಗಳ ಸಹಾಯಧನದಲ್ಲಿ ಶೇಕಡ ೨೦ ಭಾಗವನ್ನು ಕಡಿಯಬೇಕೆಂದು ಜುಲೈ ಕೊನೆಯಲ್ಲಿ ಸೂಚಿಸಿತು. ಆ ವರದಿಯನ್ನು ಕಂಡು ಪರದೇಶದ ಹಣಗಾರರು ಗಾಬರಿಗೊಂಡು ಲಂಡನ್ನಿನಿಂದ ತಮ್ಮ ಹಣವನ್ನು ಎಳೆದುಕೊಳ್ಳತೊಡಗಿದರು. ಪೌಂಡ್ ನಾಣ್ಯವನ್ನು ಚಿನ್ನದ ಆಧಾರದ ಮೇಲೆ ಉಳಿಸಬೇಕಾದರೆ ನ್ಯೂಯಾರ್ಕಿನಿಂದ ಸಾಲ ತರಬೇಕು. ಸಾಲ ಸಿಕ್ಕಬೇಕಾದರೆ ನಿರುದ್ಯೋಗಿಗಳ ಸಹಾಯಧನವನ್ನು ಕಡಿಯಬೇಕು. ಹೀಗೆ ಹಣಗಾರರ ಗಾಬರಿಯ ದಂಡವನ್ನು ಹಸಿದವರು ತೆರಬೇಕಾಗಿ ಬಂದಿತು.

೧೯೩೧ರ ಆಗಸ್ಟ್ ೨೩ರ ಭಾನುವಾರ ರಾತ್ರಿ ಮಂತ್ರಿಮಂಡಲವು ಕೂಡಿತು. ಸಹಾಯಧನದಲ್ಲಿ ಶೇಕಡ ೧೦ ಭಾಗವನ್ನು ಕಡಿಯುವ ಸಲಹೆಗೆ ಹನ್ನೊಂದು ಮಂತ್ರಿಗಳು ಒಪ್ಪಿದರು. ಒಂಬತ್ತು ಜನರು ಒಪ್ಪಲಿಲ್ಲ. ಒಪ್ಪದವರಲ್ಲಿ ಪಕ್ಷದ ಹಿರಿಯನಾದ ಆರ್ಥರ್ ಹೆಂಡರ್ಸನ್ನನು ಪ್ರಮುಖನು. ಸರಕಾರವು ಮುಂದುವರಿಯುವಂತಿರಲಿಲ್ಲ. ಪ್ರಧಾನಮಂತ್ರಿಯು ರಾಜೀನಾಮೆಯನ್ನು ಹಿಡಿದು ಅರಮನೆಗೆ ಹೋದನು. ಆತನು ಅದನ್ನು ಕೊಟ್ಟು ಬಂದು ತನ್ನವರ ಸಾಲಿನಲ್ಲಿ ಕುಳಿತಿದ್ದರೆ ಆತನ ಹೆಸರು ಇಂದಿಗೂ ಕೂಲಿಕಾರರ ಮನೆಗಳಲ್ಲಿ ಬೆಳಗುತ್ತಿದ್ದಿತು. ಆದರೆ ದೇಶಕ್ಕೆ ನೀನೇ ಬೇಕೆಂದು ದೊರೆಯು ಹೇಳಲು, ಮಾರನೆಯ ದಿನ ಆತನು ತನ್ನ ಎದುರುಪಕ್ಷಗಳವರನ್ನೇ ಸೇರಿಸಿಕೊಂಡು ರಾಷ್ಟ್ರೀಯ ಸರಕಾರವನ್ನು ಕಟ್ಟಿದನು. ಮೂವತ್ತು ವರ್ಷ ತಾನು ನೀರೆರೆದು ಬೆಳೆಸಿದ ಪಕ್ಷಕ್ಕೆ ಈ ವಿಷಯವು ತಿಳಿದುದು ಕೆಲಸವೆಲ್ಲ ಮುಗಿದ ಮೇಲೆ. ಆ ಪಕ್ಷದ ಹಿರಿಯ ಮಂತ್ರಿಗಳಲ್ಲಿ ಆತನ ಬೆನ್ನುಹತ್ತಿದವರು ಮೂವರು ಮಾತ್ರ.

ಸೆಪ್ಟಂಬರಿನಲ್ಲಿ ಕಡಿತವು ಬಂದಿತು. ನಿರುದ್ಯೋಗಿ ಗಂಡಸಿಗೆ ವಾರಕ್ಕೆ ೧೭ ಶಿಲ್ಲಿಂಗ್ ಇದ್ದುದು ೧೫ ಶಿಲ್ಲಿಂಗ್ ೩ ಪೆನ್ಸ್ ಆಯಿತು. ಬಳಿಕ ಮನೆಮನೆಗೆ ಅಧಿಕಾರಿಗಳು ಬಂದು, ಮಗನು ಎಷ್ಟು ದುಡಿಯುವನು, ಮಗಳು ಎಷ್ಟು ತರುವಳು ಎಂದು ಲೆಕ್ಕಹಾಕಿ, ಆ ಮೇರೆಗೆ ತಂದೆಯ ಸಹಾಯಧನವನ್ನು ಇಳಿಸುವ ಕ್ರಮವೂ ಜಾರಿಗೆ ಬಂದಿತು. ಮಕ್ಕಳ ಅನ್ನಕ್ಕೆ ಕೈಯೊಡ್ಡಬೇಕಾದ ತಂದೆಯ ಲಜ್ಜೆಯನ್ನು ಯಾವ ಆಯವ್ಯಯದ ಪಟ್ಟಿಯೂ ಕಾಣಿಸಲಾರದು. ಇನ್ನು, ಯಾವ ಚಿನ್ನದ ಆಧಾರವನ್ನು ಉಳಿಸುವುದಕ್ಕಾಗಿ ಇಷ್ಟೆಲ್ಲ ಮಾಡಲಾಯಿತೋ ಅದನ್ನು ರಾಷ್ಟ್ರೀಯ ಸರಕಾರವು ಸೆಪ್ಟಂಬರ್ ೨೧ರಂದೇ ಕೈಬಿಟ್ಟಿತು. ಆಕಾಶವೇನೂ ಕಳಚಿಬೀಳಲಿಲ್ಲ. ಚಿನ್ನವು ಹೋಯಿತು, ಕಡಿತವು ಉಳಿಯಿತು. ಮಜೂರ ಪಕ್ಷವು ಆ ತಿಂಗಳ ಕೊನೆಗೆ ತನ್ನ ಸ್ಥಾಪಕನನ್ನು ಪಕ್ಷದಿಂದ ಹೊರಗೆ ಹಾಕಿತು.

ಅಕ್ಟೋಬರ್ ೨೭ರ ಚುನಾವಣೆಯಲ್ಲಿ ರಾಷ್ಟ್ರೀಯ ಸರಕಾರಕ್ಕೆ ೫೫೪ ಸ್ಥಾನಗಳು ದೊರೆತುವು. ಮಜೂರ ಪಕ್ಷವು ೫೨ಕ್ಕೆ ಇಳಿಯಿತು. ಲೋಕದ ದೃಷ್ಟಿಗೆ ಇದು ಮ್ಯಾಕ್ಡೊನಾಲ್ಡನ ಮಹಾವಿಜಯ. ನಿಜವಾಗಿ ನೋಡಿದರೆ ಆತನು ಅಂದಿನಿಂದ ಪರಾಧೀನನಾದನು. ಗೆದ್ದವರಲ್ಲಿ ೪೭೦ರಷ್ಟು ಜನರು ಸಂಪ್ರದಾಯ ಪಕ್ಷದವರು. ಗಾದಿಯು ಆತನದು, ಅಧಿಕಾರವು ಅವರದು. ಸೀಹಮಿನ ಗಣಿಗಳ ಒಡೆಯನಾದ ಲಂಡನ್‌ಡೆರಿಯ ಪ್ರಭುವೂ ಈ ಮಂತ್ರಿಮಂಡಲದಲ್ಲಿ ವಿಮಾನದಳದ ಮಂತ್ರಿಯಾದನು. ೧೯೩೨ರ ಆಗಸ್ಟಿನಲ್ಲಿ ಹಿಂದುಸ್ಥಾನದ ಮತೀಯ ಪ್ರಾತಿನಿಧ್ಯದ ತೀರ್ಪು ಮ್ಯಾಕ್ಡೊನಾಲ್ಡನ ಹೆಸರಿನಲ್ಲಿ ಹೊರಬಿದ್ದಿತು. ದಲಿತರಿಗೆ ಪ್ರತ್ಯೇಕ ಮತಕ್ಷೇತ್ರಗಳನ್ನು ಕೊಟ್ಟುದರ ವಿರುದ್ಧ ಗಾಂಧಿಯವರು ಯೆರವಡೆಯ ಸೆರೆಮನೆಯಲ್ಲಿ ಉಪವಾಸವನ್ನು ಕೈಕೊಂಡುದೂ, ಸೆಪ್ಟಂಬರ್ ೨೪ರಂದು ಡಾ. ಅಂಬೇಡಕರರೊಡನೆ ಪುಣೆಯ ಒಪ್ಪಂದವಾದುದೂ ಪ್ರಸಿದ್ಧವಾಗಿವೆ.

ಕಣ್ಣುಗಳು ಮಂಜಾದುವು, ನೆನಪು ತಪ್ಪತೊಡಗಿತು. ಒಂದು ಕಾಲಕ್ಕೆ ಸಭೆಗಳನ್ನು ಮಂತ್ರಮುಗ್ಧಗೊಳಿಸಿದ ವಾಣಿಯು ತಡವರಿಸಿತು. ಹಳೆಯ ಗೆಳೆಯರು ಎದುರುಸಾಲಿನಲ್ಲಿ ಮುಖ ತಿರುಗಿಸಿದರು. ಹೊಸ ಗೆಳೆಯರು ಬೆನ್ನಹಿಂದೆ ನಕ್ಕರು. ೧೯೩೫ರ ಜೂನಿನಲ್ಲಿ ಪ್ರಧಾನಪದವು ಹೋಯಿತು. ಅದೇ ನವಂಬರಿನಲ್ಲಿ ಸೀಹಮಿನ ಗಣಿಕೂಲಿಕಾರರು, ಆತನ ಕೈಕೆಳಗೆ ಹಿಂದೆ ಮಂತ್ರಿಯಾಗಿದ್ದ ಇಮ್ಯಾನ್ಯುಯೆಲ್ ಶಿನ್‌ವೆಲ್ಲನಿಗೆ ಮತಗಳನ್ನಿತ್ತು, ೨೦,೦೦೦ಕ್ಕಿಂತ ಹೆಚ್ಚಿನ ಅಂತರದಿಂದ ಆತನನ್ನು ಸೋಲಿಸಿದರು. ೧೯೩೭ರ ನವಂಬರ್ ೯ರಂದು, ಆರೋಗ್ಯಕ್ಕಾಗಿ ದಕ್ಷಿಣ ಅಮೇರಿಕಕ್ಕೆ ಪ್ರಯಾಣ ಮಾಡುತ್ತಿದ್ದಾಗ, ಹಡಗಿನಲ್ಲಿಯೇ ಆತನ ಪ್ರಾಣವು ಹೋಯಿತು. ಹುಟ್ಟೂರಿನ ಸಮೀಪದ ಸ್ಪೈನಿಯಲ್ಲಿ ಪತ್ನಿಯ ಬಳಿಯಲ್ಲಿ ಆತನಿಗೆ ಸಮಾಧಿಯಾಯಿತು.

ತಾನು ದೇಶವನ್ನು ಉಳಿಸಿದೆನೆಂದೇ ಆತನು ನಂಬಿದ್ದನು. ಆ ನಂಬಿಕೆಯಲ್ಲಿ ವಂಚನೆಯಿದ್ದಿತೆಂದು ಹೇಳಲಾಗದು. ಕಷ್ಟಕಾಲದಲ್ಲಿ ಭಾರವು ಎಲ್ಲರ ಮೇಲೂ ಬೀಳಬೇಕೆಂಬುದು ಆತನ ವಾದ. ಆದರೆ ಹೆಗಲು ಗಟ್ಟಿಯಿದ್ದವನಿಗೂ ಮುರಿದವನಿಗೂ ಒಂದೇ ಹೊರೆಯನ್ನು ಹೊರಿಸುವುದು ಸಮತೆಯಲ್ಲ. ಇದನ್ನು ಜಗತ್ತಿಗೆ ಮೂವತ್ತು ವರ್ಷ ಬೋಧಿಸಿದವನೇ ಆತನು. ಲಕ್ಕೋಟೆಗಳನ್ನು ಬರೆದು ಹೊಟ್ಟೆಹೊರೆದ ಹುಡುಗನಿಗೆ ತಿಳಿದಿದ್ದ ಸಂಗತಿಯು ಪ್ರಧಾನಮಂತ್ರಿಗೆ ಮರೆತುಹೋಯಿತು. ಆತನು ಒಂದೇ ದಿನದಲ್ಲಿ ಬಿದ್ದವನೂ ಅಲ್ಲ. ಅಧಿಕಾರದ ಪಾವಟಿಗೆಗಳಲ್ಲಿ ಒಂದೊಂದನ್ನು ಏರಿದಂತೆ ತನ್ನವರಿಂದ ಒಂದೊಂದು ಮಾರು ದೂರನಾದನು. ಕಡೆಗೆ ೨೭ ಲಕ್ಷ ಮನುಷ್ಯರು ಆತನ ಕಣ್ಣಿಗೆ ಒಂದು ಸಂಖ್ಯೆಯಾಗಿ ಮಾತ್ರ ಕಂಡರು.

ಆತನನ್ನು ನಂಬಿದವರ ಗತಿಯೇನಾಯಿತೆಂಬುದೂ ಅಷ್ಟೇ ಮಹತ್ತ್ವದ ಮಾತು. ಕೆಲವರು ಮನಸ್ಸು ಮುರಿದು, ರಾಜಕಾರಣವೆಲ್ಲ ಸುಳ್ಳೆಂದು ಮೂಲೆ ಸೇರಿದರು. ಬಹುಜನರು ಹಾಗೆ ಮಾಡಲಿಲ್ಲ. ನಾಯಕನು ಹೋದರೂ ತತ್ತ್ವವು ತಮ್ಮದೆಂದು ತಿಳಿದು, ೫೨ ಜನರ ಪಕ್ಷವನ್ನು ಮತ್ತೆ ಊರೂರಿನಲ್ಲಿ ಕಟ್ಟಿದರು. ಒಂದು ಕಾಲಕ್ಕೆ ಮ್ಯಾಕ್ಡೊನಾಲ್ಡನ ಸಹಾಯಕನಾಗಿದ್ದು ೧೯೩೧ರಲ್ಲಿ ಆತನ ಬೆನ್ನುಹತ್ತದೆ ನಿಂತ ಕ್ಲೆಮೆಂಟ್ ಅಟ್ಲಿಯು ಅವರ ನಾಯಕನಾದನು. ೧೯೪೫ರಲ್ಲಿ ಆ ಪಕ್ಷಕ್ಕೆ ೩೯೩ ಸ್ಥಾನಗಳು ಬಂದುವು. ೧೯೪೬ರಲ್ಲಿ ರಾಷ್ಟ್ರೀಯ ವಿಮೆಯ ಕಾಯಿದೆಯಾಯಿತು. ೧೯೪೮ರ ಜುಲೈ ೫ರಿಂದ ಬಡವ ಬಲ್ಲಿದರೆನ್ನದೆ ಎಲ್ಲರಿಗೂ ವೈದ್ಯೋಪಚಾರವು ದೊರೆಯುವಂತಾಯಿತು. ೧೯೪೭ರಲ್ಲಿ ಹಿಂದುಸ್ಥಾನದ ಸ್ವಾತಂತ್ರ್ಯಕ್ಕೆ ಅಂಕಿತ ಬಿದ್ದುದೂ ಅದೇ ಸರಕಾರದ ಕಾಲದಲ್ಲಿ.

ಪ್ರತಿಯೊಬ್ಬರ ಕೈಯಲ್ಲಿಯೂ ಮತವಿರುವ ದೇಶದಲ್ಲಿ ಬಾಳುವ ಸದ್ಭಕ್ತರಿಗೆ ಈ ಚರಿತ್ರೆಯು ತೋರಿಸುವ ದಾರಿಯು ಇದೇ. ಗೆದ್ದವನ ಹಿಂದಿನ ತ್ಯಾಗವನ್ನು ಗೌರವಿಸಬೇಕು. ಆದರೆ ಅದನ್ನೇ ಮುಂದಿನ ನಡತೆಗೆ ಜಾಮೀನೆಂದು ತಿಳಿಯಬಾರದು. ಆತನು ಯಾರ ಪಂಕ್ತಿಯಲ್ಲಿ ಉಣ್ಣುವನು, ಕಷ್ಟ ಬಂದಾಗ ಮೊದಲು ಯಾರ ತಟ್ಟೆಗೆ ಕೈಹಾಕುವನು ಎಂಬುದನ್ನು ಪ್ರತಿದಿನವೂ ನೋಡುತ್ತಿರಬೇಕು. ನಡೆಯು ನುಡಿಯನ್ನು ಬಿಟ್ಟಾಗ ನಡೆದವನನ್ನು ಬಿಡಬಹುದು, ನುಡಿಯನ್ನು ಬಿಡಲಾಗದು. ಸೀಹಮಿನ ಕೂಲಿಕಾರರು ಮಾಡಿದುದು ಅಷ್ಟೇ. ಅವರು ಬಡವರಾಗಿದ್ದರು, ಮೋಸಹೋಗಿದ್ದರು, ಆದರೆ ತಮ್ಮ ತತ್ತ್ವವನ್ನು ಒಬ್ಬ ಮನುಷ್ಯನೊಡನೆ ಮಣ್ಣುಗೂಡಿಸಲಿಲ್ಲ.